ಯಂತ್ರದೊಳಗೆ ಕೈಯಿಟ್ಟವನ ಜೇಬಿನಲ್ಲೇ ಕೀಲಿ ಇರಲಿ

ಪೀಣ್ಯ, ಬೊಮ್ಮಸಂದ್ರ, ಮಾಚೋಹಳ್ಳಿ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ತಾರಿಹಾಳ, ಶಿವಮೊಗ್ಗದ ಮಾಚೇನಹಳ್ಳಿ, ಮಂಗಳೂರಿನ ಬೈಕಂಪಾಡಿಗಳಲ್ಲಿ ಪ್ರೆಸ್ಸು, ಲೇತು, ಕಂಪ್ರೆಸರು, ಕ್ರೇನು ಇಟ್ಟುಕೊಂಡು ನಾಲ್ಕಾರು ಸಂಸಾರಗಳಿಗೆ ಅನ್ನದ ದಾರಿ ಮಾಡಿರುವ ಸಣ್ಣ ಕಾರ್ಖಾನೆಗಳ ಮಾಲೀಕರಿಗೆ,



ಯಂತ್ರ ಕೆಟ್ಟು ನಿಂತಾಗ ಕಾರ್ಖಾನೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ, ‘ಎಷ್ಟೊತ್ತಿಗೆ ರೆಡಿಯಾಗುತ್ತೆ?’ ಎಂಬುದು. ‘ಮೇನ್ ಆಫ್ ಮಾಡಿ ಬೀಗ ಹಾಕಿದ್ದಾರಾ? ಕೀಲಿ ಯಾರ ಹತ್ತಿರ ಇದೆ?’ ಎಂದು ಕೇಳುವವರು ಬಹಳ ಕಡಿಮೆ. ಈ ಪತ್ರ ಆ ಎರಡನೆಯ ಪ್ರಶ್ನೆಯ ಬಗ್ಗೆ.

ಓಡುವ ಯಂತ್ರದ ಮುಂದೆ ಎಂಥವರಿಗೂ ಒಂದು ಅಂಜಿಕೆ ಇರುತ್ತದೆ. ನಿಂತ ಯಂತ್ರದ ಮುಂದೆ ಅದು ಇರುವುದಿಲ್ಲ. ಗಾರ್ಡ್ ಬಿಚ್ಚಿ ಪಕ್ಕಕ್ಕಿಟ್ಟಿರುತ್ತಾರೆ, ಸೆನ್ಸರ್ ತೆಗೆದಿರುತ್ತಾರೆ, ಕೈ ನೇರವಾಗಿ ಒಳಗೇ ಇರುತ್ತದೆ, ಹೊರಗೆ ಡೆಲಿವರಿ ಗಾಡಿ ಕಾಯುತ್ತಿರುತ್ತದೆ. ಯುರೋಪಿನ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಕೆಲಸದ ಜಾಗದಲ್ಲಿ ಆಗುವ ಸಾವುಗಳಲ್ಲಿ ಶೇ 10ರಿಂದ 15ರಷ್ಟು ನಿರ್ವಹಣೆಯ ಕೆಲಸಕ್ಕೆ ಸಂಬಂಧಿಸಿದವು. ರಿಪೇರಿ ಎಂಬುದು ಕಾರ್ಖಾನೆಯ ದಿನದಲ್ಲಿ ಎಷ್ಟು ಸಣ್ಣ ಪಾಲು ಎಂಬುದನ್ನು ನೆನೆದರೆ ಈ ಲೆಕ್ಕ ಸಣ್ಣದಲ್ಲ.

2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಫೆ ಸ್ಪ್ರಿಂಗ್ಸ್‌ನಲ್ಲಿರುವ ಬಂಬಲ್ ಬೀ ಎಂಬ ಮೀನು ಸಂಸ್ಕರಣಾ ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ 35 ಅಡಿ ಉದ್ದದ ಉಗಿ ಓವನ್ನಿನೊಳಗೆ ಹೋದ. ಮೀನಿನ ಡಬ್ಬಿಗಳ ಬುಟ್ಟಿಯನ್ನು ಎಳೆಯುವ ಚೈನನ್ನು ಸರಿಪಡಿಸಲು ಹೋಗಿದ್ದನೆಂದು ತನಿಖೆಯವರು ಅಂದಾಜು ಮಾಡಿದರು. ಆತ ಕಾಣದಿದ್ದಾಗ ಶೌಚಾಲಯಕ್ಕೆ ಹೋಗಿರಬೇಕೆಂದು ಜೊತೆಯವರು ಭಾವಿಸಿದರು. ಐದು ಟನ್ನಿಗೂ ಹೆಚ್ಚು ಟ್ಯೂನಾ ಮೀನಿನ ಡಬ್ಬಿಗಳನ್ನು ಒಳಗೆ ತಳ್ಳಿ, ಬಾಗಿಲು ಮುಚ್ಚಿ, ಓವನ್ ಚಾಲೂ ಮಾಡಿದರು. ಬಾಗಿಲು ಮತ್ತೆ ತೆರೆದದ್ದು ಸುಮಾರು ಎರಡು ಗಂಟೆಯ ನಂತರ. ತೆರೆದ ಆ ಬಾಗಿಲು ಮುಚ್ಚದಂತೆ ಒಂದು ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅವನು ಒಳಗೆ ಹೋಗಿದ್ದರೆ ಯಾರು ಏನೇ ಭಾವಿಸಿದರೂ ಓವನ್ ಚಾಲೂ ಆಗುತ್ತಿರಲಿಲ್ಲ. ಕಂಪನಿ 2015ರಲ್ಲಿ 60 ಲಕ್ಷ ಡಾಲರ್ ತೆತ್ತು ರಾಜಿಯಾಯಿತು. ಅದರಲ್ಲಿ ಅರ್ಧದಷ್ಟು ಹಣ ಹೋದದ್ದು, ಕಾರ್ಮಿಕರು ಒಳಹೊಕ್ಕುವ ಅಗತ್ಯವೇ ಇಲ್ಲದ ಹೊಸ ಓವನ್‌ಗಳಿಗೆ.

ನಮ್ಮ ಶೆಡ್ಡಿನಲ್ಲಿ ಮನುಷ್ಯ ಹಿಡಿಸುವಷ್ಟು ದೊಡ್ಡ ಓವನ್ ಎಲ್ಲಿದೆ ಎಂದು ನೀವು ಕೇಳಬಹುದು. ಒಪ್ಪೋಣ. ಪವರ್ ಪ್ರೆಸ್ ಇದೆಯಲ್ಲ?

ಹಳೆಯ ಸಿ-ಫ್ರೇಮ್ ಮೆಕ್ಯಾನಿಕಲ್ ಪ್ರೆಸ್ಸನ್ನೇ ನೋಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು, ಮೂವತ್ತು ವರ್ಷದಿಂದ ದುಡಿಯುತ್ತಿರುವ ಪ್ರೆಸ್ಸುಗಳು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಇನ್ನೂ ಇವೆ. ಮೋಟಾರು ಫ್ಲೈವೀಲನ್ನು ತಿರುಗಿಸುತ್ತಲೇ ಇರುತ್ತದೆ. ಪೆಡಲ್ ಒತ್ತಿದಾಗ ಕ್ಲಚ್ಚಿನ ಕೀ ಫ್ಲೈವೀಲನ್ನು ಕ್ರ್ಯಾಂಕ್ ಶಾಫ್ಟಿಗೆ ಕಚ್ಚಿಸುತ್ತದೆ, ರ‍್ಯಾಮ್ ಇಳಿಯುತ್ತದೆ. ಒಮ್ಮೆ ಕಚ್ಚಿತೆಂದರೆ ಒಂದು ಸುತ್ತು ಪೂರ್ತಿಯಾಗುವ ತನಕ ಅದನ್ನು ನಡುವೆ ನಿಲ್ಲಿಸಲು ಯಾರಿಂದಲೂ ಆಗದು. ಸುತ್ತು ಮುಗಿದಾಗ ಕೀಯನ್ನು ಬಿಡಿಸುವ ಕೊಕ್ಕೆಯನ್ನು ಅದರ ಜಾಗಕ್ಕೆ ತರುವುದು ಒಂದು ಸ್ಪ್ರಿಂಗು. ಅದು ಸವೆದಿದ್ದರೆ, ಮುರಿದಿದ್ದರೆ, ಕೀಯ ಅಂಚು ಉರುಟಾಗಿದ್ದರೆ ಕೀ ಬಿಡುವುದಿಲ್ಲ. ಪೆಡಲ್ ಮೇಲೆ ಕಾಲೇ ಇಲ್ಲದಿದ್ದರೂ ರ‍್ಯಾಮ್ ಎರಡನೇ ಸಲ ಇಳಿಯುತ್ತದೆ. ನಿಮ್ಮ ಆಪರೇಟರುಗಳು ಡಬಲ್ ಸ್ಟ್ರೋಕ್ ಅನ್ನುವುದು ಇದನ್ನೇ. ಅದು ಬರುವ ಗಳಿಗೆಯಲ್ಲಿ ಅವರ ಕೈ ಎಲ್ಲಿರುತ್ತದೆ? ತಯಾರಾದ ಪೀಸನ್ನು ತೆಗೆಯಲು ಡೈ ನಡುವೆ.

ಬ್ರೇಕಿನದು ಇನ್ನೊಂದು ಕಥೆ. ಲೈನಿಂಗ್ ಸವೆದರೆ, ಅದಕ್ಕೆ ಆಯಿಲ್ ತಾಗಿದರೆ, ರ‍್ಯಾಮ್ ಮೇಲೆ ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ ಒಂದಿಷ್ಟು ಜಾರುತ್ತದೆ. ಇದು ಒಂದೇ ದಿನದಲ್ಲಿ ಆಗುವಂಥದ್ದಲ್ಲ. ಮೊದಲು ಬೆರಳ ದಪ್ಪದಷ್ಟು, ವಾರ ಕಳೆದ ಮೇಲೆ ಇನ್ನಷ್ಟು. ದಿನವಿಡೀ ಅದರೆದುರು ಕೂರುವ ಆಪರೇಟರಿಗೆ ಇದು ಕಾಣುತ್ತದೆ, ಕ್ಲಚ್ಚಿನ ಸದ್ದು ಬದಲಾದದ್ದೂ ಕೇಳುತ್ತದೆ. ಅವನು ಬಂದು ಹೇಳಿದಾಗ ‘ಇವತ್ತಿನ ಲಾಟ್ ಮುಗಿಸಿಬಿಡು, ನಾಳೆ ಫಿಟ್ಟರ್ ಬರ್ತಾನೆ’ ಎಂಬ ಉತ್ತರ ಸಿಕ್ಕರೆ, ಎರಡನೇ ಸಲ ಅವನು ಹೇಳಲು ಬರುವುದಿಲ್ಲ.

ಸ್ವಿಚ್ ಆಫ್ ಮಾಡಿದರೆ ಯಂತ್ರ ಸತ್ತಿತು ಎಂಬ ನಂಬಿಕೆ ಮಾತ್ರ ಎಲ್ಲಕ್ಕಿಂತ ದುಬಾರಿ. ಮೋಟಾರು ನಿಂತರೂ ಭಾರದ ಫ್ಲೈವೀಲ್ ಒಂದಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಪೆಡಲಿಗೆ ಕಾಲು ತಗುಲಿದರೆ ಸ್ಟ್ರೋಕ್ ಬಂದೇ ಬರುತ್ತದೆ. ಡೈ ಬದಲಿಸುವಾಗ ರ‍್ಯಾಮ್ ಕೆಳಗೆ ಉಕ್ಕಿನ ಬ್ಲಾಕ್ ಕೊಟ್ಟಿರದಿದ್ದರೆ ಕರೆಂಟೇ ಇಲ್ಲದೆಯೂ ಅದು ತನ್ನ ಭಾರಕ್ಕೆ ತಾನೇ ಕುಸಿಯಬಹುದು. ಕಂಪ್ರೆಸರಿನ ಟ್ಯಾಂಕಿನಲ್ಲಿ ಗಾಳಿ ಉಳಿದಿರುತ್ತದೆ, ಹೈಡ್ರಾಲಿಕ್ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ, ಪ್ಯಾನೆಲ್ಲಿನ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಇವನ್ನೆಲ್ಲ ಇಳಿಸಿ, ಆಮೇಲೆ ಒಮ್ಮೆ ಸ್ಟಾರ್ಟ್ ಬಟನ್ ಒತ್ತಿ ನೋಡಿ, ಯಂತ್ರ ಮಿಸುಕದಿದ್ದರೆ ಮಾತ್ರ ಕೈ ಹಾಕಬೇಕು. ಅನುಭವಿ ಫಿಟ್ಟರುಗಳಿಗೆ ಇದು ಹೊಸ ವಿಷಯವೇನಲ್ಲ. ಅವರಿಗೆ ಇದನ್ನು ಮಾಡಲು ಸಮಯ ಕೊಡುವವರು ಬೇಕು, ಅಷ್ಟೇ.

ಬೆರಳಿನ ಬೆಲೆ ಎಷ್ಟು ಎಂದು ಕಾನೂನು ಎಂದೋ ಬರೆದಿಟ್ಟಿದೆ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಅನುಬಂಧದಲ್ಲಿ ಒಂದು ಪಟ್ಟಿಯಿತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 30 ನಷ್ಟ. ತೋರುಬೆರಳು ಪೂರ್ತಿ ಹೋದರೆ 14, ಮಧ್ಯದ ಬೆರಳಿಗೆ 12, ಉಂಗುರದ ಬೆರಳಿಗೋ ಕಿರುಬೆರಳಿಗೋ 7. ಒಂದೇ ಕೈಯ ನಾಲ್ಕೂ ಬೆರಳು ಹೋದರೆ 50. ಪರಿಹಾರ ಲೆಕ್ಕ ಹಾಕಲು ಇಂಥದೊಂದು ಪಟ್ಟಿ ಬೇಕೇ ಬೇಕು, ತಕರಾರಿಲ್ಲ. ಆದರೆ ಕಿರುಬೆರಳು ಮತ್ತು ಉಂಗುರದ ಬೆರಳು ಕಳೆದುಕೊಂಡ ಪ್ರೆಸ್ ಆಪರೇಟರನ್ನು ಮತ್ತೆ ಅದೇ ಸಂಬಳಕ್ಕೆ ಕೆಲಸಕ್ಕೆ ಇಟ್ಟುಕೊಂಡ ಮಾಲೀಕರು ನಿಮ್ಮ ರಸ್ತೆಯಲ್ಲಿ ಎಷ್ಟು ಮಂದಿ ಇದ್ದಾರೆ, ನೀವೇ ಎಣಿಸಿ. ದೆಹಲಿ ಪಕ್ಕದ ಗುರುಗ್ರಾಮ, ಮಾನೇಸರ್‌ಗಳ ವಾಹನ ಬಿಡಿಭಾಗ ಕಾರ್ಖಾನೆಗಳಲ್ಲಿ ಕೈ ಜಜ್ಜಿಕೊಂಡವರ ಬಗ್ಗೆ ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ 2019ರಿಂದ ‘ಕ್ರಷ್ಡ್’ ಎಂಬ ವರದಿಗಳನ್ನು ಹೊರತರುತ್ತಿದೆ. ವರದಿ ಬಂದಾಗಲೆಲ್ಲ ಮುಖ್ಯ ಆರೋಪಿ ಪವರ್ ಪ್ರೆಸ್ಸೇ. ಗಾಯಗೊಂಡವರಲ್ಲಿ ಬಹಳಷ್ಟು ಮಂದಿ ದೂರದ ಊರುಗಳಿಂದ ಬಂದ ಗುತ್ತಿಗೆ ಕಾರ್ಮಿಕರು. ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್ ಮಾಡಿಕೊಡುವ ಪೀಣ್ಯದ ಶೆಡ್ಡುಗಳ ಚಿತ್ರವೂ ಇದಕ್ಕಿಂತ ಬಹಳ ಬೇರೆಯಲ್ಲ: ಬಿಹಾರ, ಒಡಿಶಾ, ಉತ್ತರ ಪ್ರದೇಶದ ಹುಡುಗರು ಯಂತ್ರದ ಮುಂದೆ, ಕನ್ನಡ ಇಂಗ್ಲಿಷಿನಲ್ಲಿ ಬರೆದ ಎಚ್ಚರಿಕೆಯ ಬೋರ್ಡು ಅವರ ಹಿಂದೆ.

ಇನ್ನು ಬೀಗದ ವಿಷಯ. ರಿಪೇರಿಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಯಾರು ಯಾಕೆ ಹಾಕಿದ್ದಾರೆಂದು ಚೀಟಿ ತೂಗಿಬಿಡುವುದನ್ನು ಲಾಕೌಟ್-ಟ್ಯಾಗೌಟ್ ಎನ್ನುತ್ತಾರೆ. ಅಮೆರಿಕ 1989ರಲ್ಲಿ ಇದನ್ನು ನಿಯಮ ಮಾಡಿತು. ಈ ಒಂದು ನಿಯಮದಿಂದ ವರ್ಷಕ್ಕೆ ಸುಮಾರು 120 ಸಾವು, 50,000 ಗಾಯಗಳು ತಪ್ಪುತ್ತವೆಂದು ಅಲ್ಲಿನ ಸುರಕ್ಷತಾ ಇಲಾಖೆಯ ಅಂದಾಜು. ಹೆಸರು ಪರದೇಶದ್ದಾದರೂ ಪದ್ಧತಿ ನಮಗೆ ಹೊಸದಲ್ಲ. ನಿಮ್ಮ ಬೀದಿಯ ಕಂಬ ಹತ್ತುವ ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ‘ಎಲ್‌ಸಿ’ ಕೇಳುತ್ತಾನೆ. ಲೈನ್ ಕ್ಲಿಯರ್ ಕೊಟ್ಟದ್ದು ಅಲ್ಲಿನ ಪುಸ್ತಕದಲ್ಲಿ ದಾಖಲಾಗುತ್ತದೆ. ಅವನೇ ಅದನ್ನು ಹಿಂತಿರುಗಿಸುವ ತನಕ ಆ ಲೈನಿಗೆ ಕರೆಂಟ್ ಬಿಡುವಂತಿಲ್ಲ. ಇಷ್ಟೆಲ್ಲ ಇದ್ದೂ ಲೈನ್‌ಮನ್‌ಗಳು ಸಾಯುವುದುಂಟು, ಅದಕ್ಕೆ ಒಂದು ಕಾರಣ ನಿಮ್ಮ ಅಂಗಳದಲ್ಲೇ ಇರಬಹುದು. ಚೇಂಜ್‌ಓವರ್ ಸ್ವಿಚ್ ಸರಿಯಿಲ್ಲದ ಜನರೇಟರ್ ಚಾಲೂ ಮಾಡಿದರೆ ಅದರ ಕರೆಂಟು ಲೈನಿಗೆ ಹಿಮ್ಮುಖವಾಗಿ ಹರಿದು ಕಂಬದ ಮೇಲಿರುವವನನ್ನು ಹೊಡೆಯುತ್ತದೆ. ಆ ಸ್ವಿಚ್ಚನ್ನು ನೀವು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ?

ಎಲ್‌ಸಿಯಂಥ ಪದ್ಧತಿಯಲ್ಲಿ ಒಂದು ಕಾಗದ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಪೈಪರ್ ಆಲ್ಫಾ ಸಾಕ್ಷಿ. ಉತ್ತರ ಸಮುದ್ರದ ಆ ತೈಲ ಸ್ಥಾವರದಲ್ಲಿ 1988ರ ಜುಲೈ 6ರಂದು ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ಕವಾಟವನ್ನು ಪರೀಕ್ಷೆಗೆಂದು ಬಿಚ್ಚಿದರು. ಸಂಜೆಯ ಹೊತ್ತಿಗೆ ಕೆಲಸ ಮುಗಿಯಲಿಲ್ಲ. ಪೈಪಿನ ಬಾಯಿಗೆ ತಾತ್ಕಾಲಿಕವಾಗಿ ಒಂದು ಫ್ಲೇಂಜ್ ಮುಚ್ಚಿ, ಪರವಾನಗಿ ಕಾಗದವನ್ನು ಕಚೇರಿಯಲ್ಲಿಟ್ಟು ಹೋದರು. ಮುಂದಿನ ಪಾಳಿಯವರಿಗೆ ಬಾಯಿಮಾತಿನಲ್ಲಿ ಯಾರೂ ಹೇಳಲಿಲ್ಲ. ರಾತ್ರಿ ಮುಕ್ಕಾಲು ಹತ್ತರ ಸುಮಾರಿಗೆ ಇನ್ನೊಂದು ಪಂಪು ನಿಂತಿತು. ರಾತ್ರಿ ಪಾಳಿಯವರು ಕಾಗದಗಳನ್ನು ತಡಕಾಡಿದರು. ಮೊದಲ ಪಂಪಿನ ದೊಡ್ಡ ಓವರ್‌ಹಾಲ್ ಇನ್ನೂ ಶುರುವಾಗಿಲ್ಲ ಎಂಬ ಕಾಗದ ಸಿಕ್ಕಿತು, ಕವಾಟ ಬಿಚ್ಚಿರುವ ಕಾಗದ ಸಿಗಲಿಲ್ಲ. ಪಂಪು ಚಾಲೂ ಮಾಡಿದರು. ಸತ್ತವರು 167 ಮಂದಿ. ಲಾರ್ಡ್ ಕಲೆನ್ ನಡೆಸಿದ ವಿಚಾರಣೆ 106 ಶಿಫಾರಸುಗಳನ್ನು ಮಾಡಿತು. ಅಷ್ಟು ದೊಡ್ಡ ಸ್ಥಾವರಕ್ಕೂ ಎರಡು ಪಾಳಿ ನಡೆಸುವ ನಿಮ್ಮ ಶೆಡ್ಡಿಗೂ ಇರುವ ಸಾಮ್ಯ ಇಷ್ಟೇ: ಅರ್ಧ ಬಿಚ್ಚಿಟ್ಟ ಯಂತ್ರವನ್ನು ಬಿಟ್ಟು ಹೋಗುವವನು ಬೇರೆ, ಬಂದು ಬಟನ್ ಒತ್ತುವವನು ಬೇರೆ.

‘ಸದ್ಯಕ್ಕೆ ಹೀಗೆ ಓಡಿಸೋಣ’ ಎಂಬ ಮಾತಿಗೂ ಒಂದು ಚರಿತ್ರೆ ಇದೆ. 1974ರಲ್ಲಿ ಇಂಗ್ಲೆಂಡಿನ ಫ್ಲಿಕ್ಸ್‌ಬರೋದ ರಾಸಾಯನಿಕ ಕಾರ್ಖಾನೆಯಲ್ಲಿ ಸಾಲಾಗಿದ್ದ ಆರು ರಿಯಾಕ್ಟರುಗಳಲ್ಲಿ ಐದನೆಯದು ಬಿರುಕು ಬಿಟ್ಟಿತು. ಅದನ್ನು ತೆಗೆದು, ನಾಲ್ಕರಿಂದ ಆರಕ್ಕೆ ಒಂದು ಬೈಪಾಸ್ ಪೈಪು ಕೂರಿಸಿದರು. ಅದರ ನಕ್ಷೆಯನ್ನು ವರ್ಕ್‌ಶಾಪಿನ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆದುಕೊಂಡಿದ್ದರು. ಮೆಕ್ಯಾನಿಕಲ್ ಎಂಜಿನಿಯರನ ಕುರ್ಚಿ ಆಗ ಖಾಲಿಯಿತ್ತು. ಜೂನ್ 1ರಂದು ಪೈಪು ಒಡೆದು 28 ಮಂದಿ ಸತ್ತರು. ಅಂದು ಶನಿವಾರ, ಕಚೇರಿಯವರು ಇರಲಿಲ್ಲ, ಇಲ್ಲದಿದ್ದರೆ ಲೆಕ್ಕ ಇನ್ನೂ ಬೆಳೆಯುತ್ತಿತ್ತು. ನಮ್ಮವರ ಜಾಣತನದ ಬಗ್ಗೆ ನಮಗೆಲ್ಲ ಹೆಮ್ಮೆಯಿದೆ. ಫ್ಯೂಸ್ ಇರಬೇಕಾದ ಕಡೆ ದಪ್ಪ ತಂತಿ, ಲಿಮಿಟ್ ಸ್ವಿಚ್ಚಿಗೆ ರಟ್ಟಿನ ತುಂಡು, ಎರಡೂ ಕೈಯಲ್ಲಿ ಒತ್ತಬೇಕಾದ ಬಟನ್ನುಗಳಲ್ಲಿ ಒಂದಕ್ಕೆ ಸುತ್ತಿದ ಟೇಪು, ಇವೂ ಅದೇ ಜಾಣತನದ ಸಂತಾನ.

ಫ್ಲಿಕ್ಸ್‌ಬರೋದ್ದಕ್ಕಿಂತ ದೊಡ್ಡ ದುರಂತ ನಮ್ಮ ದೇಶದಲ್ಲೇ ಆಯಿತು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ವಿಷಾನಿಲದ ಟ್ಯಾಂಕನ್ನು ತಂಪಾಗಿಡುವ ಶೈತ್ಯ ಯಂತ್ರ ತಿಂಗಳುಗಳಿಂದ ನಿಂತಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಫ್ಲೇರ್ ಟವರಿನ ಪೈಪಿನ ತುಂಡೊಂದನ್ನು ತುಕ್ಕು ಹಿಡಿದಿದೆಯೆಂದು ಬಿಚ್ಚಿಟ್ಟಿದ್ದರು. ಅಪಾಯ ತಡೆಯಲೆಂದೇ ಇಟ್ಟ ಸಲಕರಣೆ ರಿಪೇರಿಯಲ್ಲಿರುವಾಗ ಕೆಲಸ ಮುಂದುವರಿಸುವುದರ ಪರಿಣಾಮ ಆ ರಾತ್ರಿ ಇಡೀ ಊರಿನ ಮೇಲೆ ಬಿತ್ತು.

ನಮ್ಮಲ್ಲಿ ಯಾರೂ ಸಾಯದೆ ಪಾಠ ಕಲಿಸಿದ ಘಟನೆ ತುಂಗಭದ್ರಾ ಅಣೆಕಟ್ಟಿನದು. 2024ರ ಆಗಸ್ಟ್ 10ರ ರಾತ್ರಿ ಅದರ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಭರ್ತಿಯಾಗಿದ್ದ ಜಲಾಶಯದಿಂದ ನೀರು ನದಿಗೆ ಹರಿದುಹೋಗುತ್ತಿದ್ದರೆ ಎಡದಂಡೆ, ಬಲದಂಡೆಯ ರೈತರು ಎದೆ ಹಿಡಿದುಕೊಂಡು ಕುಳಿತರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ, ತುಂಡುತುಂಡಾಗಿ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ಬಾಯಿ ಮುಚ್ಚಿದರು. ಸಾಹಸ ದೊಡ್ಡದು, ಅದನ್ನು ಎಲ್ಲರೂ ಕೊಂಡಾಡಿದರು. ಏಳು ದಶಕ ಹಳೆಯ ಗೇಟುಗಳ ಚೈನನ್ನು ಸಮಯಕ್ಕೆ ಬದಲಿಸಿದ್ದರೆ ಮಾತ್ರ ಯಾರೂ ಹೊಗಳುತ್ತಿರಲಿಲ್ಲ. ನಿರ್ವಹಣೆಯ ದೌರ್ಭಾಗ್ಯವೇ ಇದು. ಮಾಡಿದರೆ ಏನೂ ಆಗುವುದಿಲ್ಲ, ಹಾಗಾಗಿ ಮಾಡಿದ್ದು ಯಾರಿಗೂ ಕಾಣುವುದಿಲ್ಲ.

ಕಾನೂನಿಗೆ ಬರೋಣ. 1948ರ ಕಾರ್ಖಾನೆ ಕಾಯ್ದೆ ಯಂತ್ರದ ತಿರುಗುವ ಭಾಗಗಳಿಗೆ ಗಾರ್ಡ್ ಕಡ್ಡಾಯ ಮಾಡಿತು. ಓಡುತ್ತಿರುವ ಯಂತ್ರವನ್ನು ಪರೀಕ್ಷಿಸಲೇಬೇಕಾದರೆ ತರಬೇತಿ ಪಡೆದವನೇ, ಬಿಗಿಯಾದ ಉಡುಪು ತೊಟ್ಟೇ ಮಾಡಬೇಕು, ಆ ಉಡುಪನ್ನು ಮಾಲೀಕರೇ ಕೊಡಬೇಕು ಎಂದೂ ಬರೆಯಿತು. ಲಿಫ್ಟುಗಳನ್ನು ಆರು ತಿಂಗಳಿಗೊಮ್ಮೆ, ಭಾರ ಎತ್ತುವ ಚೈನು, ಹಗ್ಗ, ಕ್ರೇನುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಹೇಳಿತು. ಕರೆಂಟ್ ಬಳಸುವ ಕಡೆ 10 ಮಂದಿ ಇದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. 2025ರ ನವೆಂಬರ್ 21ರಂದು ಅದರ ಬದಲಿಗೆ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಕಾರ್ಖಾನೆ ಎನಿಸಲು 20 ಮಂದಿ ಬೇಕು. ಹೀಗಾಗಿ ನಿಮ್ಮಲ್ಲಿ ಅನೇಕರ ಶೆಡ್ಡು ಇನ್ನು ಕಾರ್ಖಾನೆಯ ಲೆಕ್ಕಕ್ಕೇ ಸಿಗದೆ ಹೋಗಬಹುದು. ಇನ್‌ಸ್ಪೆಕ್ಟರ್ ಬರುವುದಿಲ್ಲವೆಂದು ಕೆಲವರಿಗೆ ನಿರಾಳವಾಗಿರಬಹುದು. ಪ್ರೆಸ್ಸಿಗೆ ಆಳಿನ ಲೆಕ್ಕ ಗೊತ್ತಿಲ್ಲ. ಹನ್ನೆರಡು ಮಂದಿಯ ಶೆಡ್ಡಿನಲ್ಲೂ ಅದರ ಟನ್ನೇಜು ಅಷ್ಟೇ.

‘ದೊಡ್ಡ ಕಂಪನಿಗಳಿಗೆ ಇದೆಲ್ಲ ಸರಿ, ನಮಗೆ ಮಾರ್ಜಿನ್ ಎಲ್ಲಿದೆ?’ ಎಂಬ ನಿಮ್ಮ ಮಾತನ್ನು ತಳ್ಳಿಹಾಕುವಂತಿಲ್ಲ. ಪೀಸಿಗೆ ಪೈಸೆ ಲೆಕ್ಕದಲ್ಲಿ ದರ ಇಳಿಸಿ, ತೊಂಬತ್ತು ದಿನಕ್ಕೆ ಹಣ ಕೊಟ್ಟು, ‘ನಾಳೆಯೇ ಬೇಕು’ ಎನ್ನುವ ಖರೀದಿದಾರ ಕಂಪನಿಗಳಿಗೂ ಈ ಬೆರಳುಗಳ ಪಾಪದಲ್ಲಿ ಪಾಲಿದೆ. ತಮ್ಮ ಗೇಟಿನೊಳಗೆ ಹೆಲ್ಮೆಟ್ ಇಲ್ಲದೆ ಯಾರನ್ನೂ ಬಿಡದ ಅವರು ಬಿಡಿಭಾಗ ಬರುವ ಶೆಡ್ಡಿನೊಳಗೆ ಇಣುಕುವುದು ಪೀಸಿನ ಅಳತೆ ತಪ್ಪಿದಾಗ ಮಾತ್ರ. ಆದರೆ ಖರ್ಚಿನ ಲೆಕ್ಕ ನೀವು ಅಂದುಕೊಂಡಷ್ಟು ಏಕಮುಖವಲ್ಲ. ಪಾಲ್ ಒನೀಲ್ 1987ರಲ್ಲಿ ಅಲ್ಕೋವಾ ಎಂಬ ಅಲ್ಯೂಮಿನಿಯಂ ಕಂಪನಿಯ ಮುಖ್ಯಸ್ಥರಾದಾಗ ಲಾಭದ ಬದಲು ಕಾರ್ಮಿಕರ ಸುರಕ್ಷತೆಯ ಬಗ್ಗೆ ಮಾತನಾಡಿ ಹೂಡಿಕೆದಾರರನ್ನು ಗಾಬರಿಗೊಳಿಸಿದರು. ಕೆಲವೇ ತಿಂಗಳಲ್ಲಿ ಅರಿಜೋನಾದ ಘಟಕದಲ್ಲಿ ಸಿಕ್ಕಿಹಾಕಿಕೊಂಡ ಲೋಹದ ತುಣುಕನ್ನು ತೆಗೆಯಲು ಯಂತ್ರದೊಳಕ್ಕೆ ಹಾರಿದ ಯುವಕನೊಬ್ಬ ಸತ್ತ. ಒನೀಲ್ ಮೇಲಧಿಕಾರಿಗಳನ್ನು ಕರೆಸಿ ಆ ಸಾವಿನ ಹೊಣೆಯನ್ನು ತಮ್ಮನ್ನೂ ಸೇರಿಸಿ ಅವರೆಲ್ಲರ ಮೇಲೆ ಹೊರಿಸಿದರು. 2000ದ ಹೊತ್ತಿಗೆ ಗಾಯದಿಂದ ಕೆಲಸಕ್ಕೆ ಬರಲಾಗದವರ ಪ್ರಮಾಣ ನೂರಕ್ಕೆ 1.86ರಿಂದ 0.2ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕಂಪನಿಯ ಮೌಲ್ಯ ಹಲವು ಪಟ್ಟು ಏರಿತು. ಅದಕ್ಕೆ ಕಾರಣ ಸುರಕ್ಷತೆಯೊಂದೇ ಎನ್ನುವುದು ಅತಿಶಯೋಕ್ತಿ. ಆದರೆ ಸುರಕ್ಷತೆಗೆ ಹಣ ಹಾಕಿ ಮುಳುಗಿದ ಕಂಪನಿಯ ಉದಾಹರಣೆ ಅದಲ್ಲ.

ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಪ್ರತಿಜ್ಞೆ ಓದಿಸಿ, ಬ್ಯಾಡ್ಜ್ ಚುಚ್ಚಿ, ಫೋಟೋ ತೆಗೆಸುವುದು ಚೆಂದವೇ. ಅದಕ್ಕಿಂತ ಉಪಯೋಗದ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಆಗಲೇ ಇದೆ. ಆಯುಧಪೂಜೆಯ ಹಿಂದಿನ ದಿನ ಎಲ್ಲ ಯಂತ್ರಗಳೂ ನಿಂತಿರುತ್ತವೆ, ಎಲ್ಲ ಕೆಲಸಗಾರರೂ ಅವುಗಳ ಸುತ್ತಲೇ ಇರುತ್ತಾರೆ, ಯಾವ ಗಿರಾಕಿಯೂ ಡೆಲಿವರಿ ಕೇಳುವುದಿಲ್ಲ. ವರ್ಷವಿಡೀ ಮೆತ್ತಿದ ಗ್ರೀಸು, ಚಿಪ್ಸು ತೊಳೆದು ಹೋಗಿ ಬಿರುಕು, ಸವೆತ, ಸಡಿಲ ಬೋಲ್ಟು ಬರಿಗಣ್ಣಿಗೆ ಕಾಣುವುದು ಆ ಒಂದು ದಿನ. ಅರಿಶಿನ ಕುಂಕುಮ ಹಚ್ಚಿ ಬೂದುಗುಂಬಳ ಒಡೆಯುವ ಮೊದಲು ಫಿಟ್ಟರನ್ನು ಕರೆಸಿ ಪ್ರೆಸ್ಸಿನ ಕೀ, ಸ್ಪ್ರಿಂಗು, ಬ್ರೇಕ್ ಲೈನಿಂಗ್ ಬಿಚ್ಚಿಸಿ ನೋಡಿ. ಕಂಪ್ರೆಸರಿನ ಸೇಫ್ಟಿ ವಾಲ್ವ್ ತೆರೆಯುತ್ತದೆಯೇ ನೋಡಿ. ಗ್ರೈಂಡಿಂಗ್ ವೀಲನ್ನು ಬಿಚ್ಚಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿಸಿ: ಗಟ್ಟಿಯಾಗಿದ್ದರೆ ಗಂಟೆಯಂತೆ ನುಡಿಯುತ್ತದೆ, ಬಿರುಕಿದ್ದರೆ ಮಂದ ಸದ್ದು. ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ವರ್ಷಕ್ಕೊಂದು ದಿನ ಸಾಲದು, ಆದರೆ ಒಂದು ದಿನವೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು.

ಉಳಿದದ್ದಕ್ಕೆ ಹಬ್ಬದ ತನಕ ಕಾಯಬೇಕಿಲ್ಲ. ರಿಪೇರಿ ಮಾಡುವ ಪ್ರತಿಯೊಬ್ಬನಿಗೂ ಒಂದೊಂದು ಬೀಗ ಕೊಡಿ, ಅದಕ್ಕೆ ಒಂದೇ ಕೀಲಿ ಇರಲಿ, ಡೂಪ್ಲಿಕೇಟ್ ನಿಮ್ಮ ಡ್ರಾಯರಿನಲ್ಲಿ ಬೇಡ. ಬೀಗ ಹಾಕಲು ಕಿವಿಯಿಲ್ಲದ ಹಳೆಯ ಮೇನ್ ಸ್ವಿಚ್ಚುಗಳನ್ನು ಬದಲಿಸಿ. ಎಚ್ಚರಿಕೆಯ ಚೀಟಿಯನ್ನು ಕನ್ನಡದಲ್ಲೂ, ಯಂತ್ರದ ಮುಂದೆ ನಿಲ್ಲುವ ಹುಡುಗ ಓದಬಲ್ಲ ಭಾಷೆಯಲ್ಲೂ ಬರೆಸಿ, ಓದಲು ಬಾರದವನಿಗೆ ಚಿತ್ರ ಹಾಕಿಸಿ. ಪಾಳಿ ಬದಲಾಗುವಾಗ ಬಿಚ್ಚಿಟ್ಟ ಯಂತ್ರದ ಮುಂದೆಯೇ ಇಬ್ಬರೂ ನಿಂತು ಮಾತಾಡಲಿ, ವಾಟ್ಸ್‌ಆ್ಯಪ್ ಸಾಲದು. ಸದ್ದು ಬದಲಾಗಿದೆ ಎಂದು ಆಪರೇಟರ್ ಬಂದು ಹೇಳಿದ ದಿನ ಯಂತ್ರ ನಿಲ್ಲಿಸಿ, ಲಾಟ್ ತಡವಾದರೆ ಗಿರಾಕಿಗೆ ನೀವೇ ಫೋನ್ ಮಾಡಿ. ನಿಮ್ಮ ನಿಮ್ಮ ಕೈಗಾರಿಕಾ ಸಂಘಗಳು ಮುಂದಿನ ಸಭೆಯಲ್ಲಿ ವಿದ್ಯುತ್ ದರದ ಜೊತೆ ಈ ವಿಷಯವನ್ನೂ ಚರ್ಚೆಗೆ ತೆಗೆದುಕೊಂಡು, ಸಣ್ಣ ಶೆಡ್ಡುಗಳೆಲ್ಲ ಸೇರಿ ಒಬ್ಬ ಒಳ್ಳೆಯ ಪ್ರೆಸ್ ಫಿಟ್ಟರನ್ನು ಹಂಚಿಕೊಂಡು ನೇಮಿಸಿಕೊಳ್ಳುವ ಏರ್ಪಾಡು ಮಾಡಲಿ. ಒಬ್ಬೊಬ್ಬರಿಗೆ ಭಾರವಾಗುವ ಸಂಬಳ ಇಪ್ಪತ್ತು ಶೆಡ್ಡುಗಳಿಗೆ ಭಾರವಾಗದು. ಈ ಸೋಮವಾರ ಶೆಡ್ಡು ತೆರೆದಾಗ, ಮೊದಲ ಪ್ರೆಸ್ ಚಾಲೂ ಮಾಡುವ ಮುಂಚೆ, ಅದರ ಆಪರೇಟರನ್ನು ಪಕ್ಕಕ್ಕೆ ಕರೆದು ಕೇಳಿ: ಇದರಲ್ಲಿ ಏನು ಸರಿಯಿಲ್ಲ? ಅವನು ಹೇಳಿದ್ದನ್ನು ಅಂದೇ ಸರಿಮಾಡಿಸಿ.